ಹಿತ್ತಲ ಬಾಗಿಲಿನ ಜೋಳ

ನಿಪ್ಪಾಣಿಯ ಆ ಮನೆಯಲ್ಲಿ ನಾವು ಐದು ಜನ ಇದ್ದೆವು, ಜೊತೆಗೊಂದು ಡ್ರಮ್ಮು ಇತ್ತು. ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮ ಆಯಿ, ನಾನು ಮತ್ತು ನನ್ನ ತಮ್ಮ ದಾನು. ನಮಗೆ ಕೈಕಾಲು ಚಾಚಿ ಮಲಗಲು ಜಾಗವಿರಲಿಲ್ಲ. ಡ್ರಮ್ಮಿಗೆ ಮಾತ್ರ ಅಡುಗೆಮನೆಯಲ್ಲೇ ಒಳ್ಳೆಯ ಮೂಲೆ, ಮಳೆ ಸೋರದ, ಇಲಿ ಸುಳಿಯದ ಮೂಲೆ. ಮೊದಲು ಅದು ಎಣ್ಣೆಯ ಡ್ರಮ್ಮು. ಅವ್ವ ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಮೂಸಿ ನೋಡಿ, ಮತ್ತೆ ತಿಕ್ಕಿ ಒಳಗೆ ತಂದಿದ್ದಳಂತೆ. ನಾವು ಅದರ ಮೇಲೆ ಕೂರುವಂತಿರಲಿಲ್ಲ, ಅದನ್ನು ತಬಲದ ಹಾಗೆ ಬಡಿಯುವಂತಿರಲಿಲ್ಲ. ಯಾಕೆಂದರೆ ಅದರೊಳಗಿನ ಜೋಳ ನಮ್ಮದಲ್ಲ. ಅದು ಚರ್ಚಿನ ಹಿಡಿ ಜೋಳ. ಅದನ್ನು ಕಾಯುವ ಜವಾಬ್ದಾರಿ ಮಾತ್ರ ನಮ್ಮದು. ನಾನು ಬೆಳೆದದ್ದೆಲ್ಲ ಬೇರೆಯವರ ಕಾಳಿನ ಪಕ್ಕದಲ್ಲಿ ಮಲಗಿ.

ಹಿಡಿ ಜೋಳ ಅಂದರೆ ಇಷ್ಟೇ. ನಮ್ಮ ಸಭೆಯ ಪ್ರತಿ ಮನೆಯ ಹೆಣ್ಣುಮಗಳು ಗಿರಣಿಗೆ ಕೊಡಲು ಜೋಳ ಹಸನು ಮಾಡುವಾಗ ಮನೆಯಲ್ಲಿ ಎಷ್ಟು ಬಾಯಿ ಇವೆಯೋ ಅಷ್ಟು ಹಿಡಿ ಬೇರೆ ಗಡಿಗೆಗೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಆ ಗಡಿಗೆಗಳೆಲ್ಲ ಚೀಲಗಳಾಗಿ ಚರ್ಚಿಗೆ ಬರುತ್ತಿದ್ದವು. ಚರ್ಚಿನ ಗೋಡೆಗೆ ಹತ್ತಿಕೊಂಡಿದ್ದ ಮನೆ ನಮ್ಮದು, ಅಪ್ಪ ಕಮಿಟಿಯ ಹಿರಿಯ; ಹಾಗಾಗಿ ಜೋಳ ನಮ್ಮಲ್ಲಿಗೆ. ದೊಡ್ಡ ಸಭೆಯೇನಲ್ಲ. ತಂಬಾಕಿನ ವಖಾರಿಗಳಲ್ಲಿ ಎಲೆ ಆರಿಸುವ ಹೆಂಗಸರು, ಇಬ್ಬರು ಮಾಸ್ತರರು, ಒಬ್ಬ ನರ್ಸಬಾಯಿ, ಮುನ್ಸಿಪಾಲ್ಟಿ ನೌಕರಿಯ ಕೆಲವರು. ಅರ್ಧ ಹಾಡು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಕೆಮ್ಮು ಎರಡರಲ್ಲೂ. ಆ ಊರಿನ ಗಾಳಿಯಲ್ಲೇ ತಂಬಾಕಿನ ಘಾಟು. ಯೇಸುವಿನ ಕೊನೆಯ ಊಟದ ನೆನಪಿಗೆ ಪಾಳಕರು, ಅಂದರೆ ನಮ್ಮ ಪಾದ್ರಿಗಳು, ರೊಟ್ಟಿ ಮುರಿದು ಕೊಡುವ ಕರ್ತನ ಭೋಜನದ ದಿನ ಆ ರೊಟ್ಟಿಯ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದವನು ಅಪ್ಪ; ಅವನು ಎಷ್ಟು ಸಾಬೂನು ಹಚ್ಚಿ ತೊಳೆದರೂ ಬೆರಳಿನ ತಂಬಾಕು ಹೋಗುತ್ತಿರಲಿಲ್ಲ, ಪವಿತ್ರ ರೊಟ್ಟಿಗೂ ಸ್ವಲ್ಪ ಖಾರ ಹತ್ತುತ್ತಿತ್ತು ಎಂದು ಅವ್ವ ನಗುತ್ತಿದ್ದಳು.

ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಜೋಳ ಹಂಚುವ ಕೆಲಸ. ಮುಂದಿನ ಬಾಗಿಲು ರಸ್ತೆಗಿತ್ತು, ಹಿಂದಿನದು ಓಣಿಗೆ. ಇಲ್ಲದವರು ನಾಲ್ಕು ಜನರ ಕಣ್ಣೆದುರು ಚೀಲ ಹಿಡಿದು ನಿಲ್ಲಬಾರದೆಂದು ಅಪ್ಪ ಹಿತ್ತಲನ್ನೇ ಆರಿಸಿದ್ದ. ಇನ್ನೊಂದು ನೇಮವನ್ನೂ ಅವನೇ ಮಾಡಿಕೊಂಡಿದ್ದ: ಅಳೆಯುವಾಗ ತಲೆ ಎತ್ತುತ್ತಿರಲಿಲ್ಲ. ಸಣ್ಣ ಮಣೆಯ ಮೇಲೆ ಕೂತು, ಸೇರು ತುಂಬಿ, ಮುಂದೆ ಚಾಚಿದ ಚೀಲಕ್ಕೆ ಸುರುವಿ, ‘ದೇವರು ಕೊಟ್ಟಾನ, ಹೋಗಿ ಬರ್ರಿ’ ಅನ್ನುತ್ತಿದ್ದ. ಯಾರ ಚೀಲ, ಯಾರ ಮುಖ, ಯಾವ ಜಾತಿ, ಯಾವ ದೇವರು, ಏನೂ ನೋಡುತ್ತಿರಲಿಲ್ಲ. ಕೊಟ್ಟವನಿಗೆ ಕೊಟ್ಟದ್ದು ನೆನಪಿರಬಾರದು, ತಗೊಂಡವರಿಗೆ ನಾಚಿಕೆ ಆಗಬಾರದು ಎಂಬುದು ಅವನ ಲೆಕ್ಕ. ನಾನು ಡ್ರಮ್ಮಿನಿಂದ ಬುಟ್ಟಿ ತುಂಬಿ ಅವನ ಪಕ್ಕಕ್ಕಿಡುತ್ತಿದ್ದೆ. ನನಗಂತೂ ಎಲ್ಲರ ಮುಖವೂ ಕಾಣುತ್ತಿತ್ತು, ಬಹಳ ಸಲ ಅವರ ಕಣ್ಣು ಅಪ್ಪನ ಬಗ್ಗಿದ ತಲೆಯ ಮೇಲೆಯೇ ಇರುತ್ತಿತ್ತು.

ತಿಂಗಳ ಉಳಿದ ದಿನ ಇದೇ ಅಪ್ಪ ಬೇರೆ ಮನುಷ್ಯ. ಒಂದು ವಖಾರಿಯಲ್ಲಿ, ಅಂದರೆ ತಂಬಾಕು ಒಣಗಿಸಿ ಆರಿಸಿ ಚೀಲ ಕಟ್ಟುವ ಗೋದಾಮಿನಲ್ಲಿ, ಅವನು ಮುಕಾದಮ. ಹೆಂಗಸರನ್ನು ಸಾಲಾಗಿ ಕೂರಿಸುವುದು, ಮಾತಾಡಿದರೆ ಗದರುವುದು, ತಡವಾಗಿ ಬಂದವಳಿಗೆ ಅರ್ಧ ದಿನದ ಪಗಾರ ಕತ್ತರಿಸುವುದು ಅವನ ಕೆಲಸ. ಅವನ ದನಿ ಎರಡು ಓಣಿ ಆಚೆಗೂ ಕೇಳುತ್ತಿತ್ತು. ಅವ್ವ ಮದುವೆಗೆ ಮುಂಚೆ ಅಂಥದೇ ಒಂದು ವಖಾರಿಯಲ್ಲಿ ಎಲೆ ಆರಿಸಿದವಳು, ಅದರ ಕೆಮ್ಮು ಅವಳಿಗೆ ಇನ್ನೂ ಇತ್ತು. ಸಾರವ್ವ ಅಂತ ಒಬ್ಬಳು ವಿಧವೆ ನಮ್ಮ ಸಭೆಯವಳೇ, ಅಪ್ಪನ ಕೈಕೆಳಗೆ ಕೆಲಸಕ್ಕಿದ್ದಳು; ತಿಂಗಳಿಗೊಮ್ಮೆ ನಮ್ಮ ಹಿತ್ತಲಿಗೂ ಬರುತ್ತಿದ್ದಳು. ಮನಸ್ಸಿಗೆ ಬಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಜೋಳ ತಗೊಳ್ಳುತ್ತ ಒಮ್ಮೆ ಅವಳು, ಮುಕಾದಮರು ಪಗಾರ ಕತ್ತರಿಸೋದು ಬಿಟ್ಟರೆ ಈ ಡ್ರಮ್ಮಿಗೂ ಸ್ವಲ್ಪ ಆರಾಮ ಸಿಗುತ್ತದೆ ಎಂದು ಹೇಳಿ ಹೋದಳು. ಅಪ್ಪ ತಲೆ ಎತ್ತಲಿಲ್ಲ. ಒಲೆಯ ಮುಂದಿದ್ದ ಅವ್ವ ಮಾತ್ರ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಎಂಬತ್ತರ ದಶಕದ ಒಂದು ವರ್ಷ ವಖಾರಿಯ ಹೆಂಗಸರು ಪಗಾರ ಹೆಚ್ಚಿಸಿ ಎಂದು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತರು. ಮೊದಮೊದಲು ಅಪ್ಪ ಅವರ ಮಧ್ಯದಿಂದಲೇ ದಾರಿ ಮಾಡಿಕೊಂಡು ಒಳಗೆ ಹೋಗಿ, ಖಾಲಿ ವಖಾರಿಯಲ್ಲಿ ಕೂತು ಬರುತ್ತಿದ್ದ. ಆಮೇಲೆ ಮಾಲಕ ಅವನನ್ನು ಕರೆದು, ಹಳ್ಳಿಗಳ ಕಡೆ ಟ್ರಕ್ಕು ತಗೊಂಡು ಹೋಗಿ ಬೇರೆ ಹೆಂಗಸರನ್ನು ತುಂಬಿಕೊಂಡು ಬಾ, ಗೇಟಿನಲ್ಲಿ ಕೂತವರು ತಾವೇ ಏಳುತ್ತಾರೆ ಅಂದನಂತೆ. ಅಪ್ಪ ಏನು ಉತ್ತರ ಕೊಟ್ಟನೋ ನಮಗೆ ಕೊನೆಗೂ ಗೊತ್ತಾಗಲಿಲ್ಲ. ಆ ಸಂಜೆ ಮನೆಗೆ ಬಂದವನು ಕೈಕಾಲು ತೊಳೆದು, ಊಟದ ಡಬ್ಬಿಯನ್ನು ಅವ್ವನ ಮುಂದಿಟ್ಟು ಒಂದೇ ಮಾತು ಹೇಳಿದ.

“ನಾಳಿಂದ ಡಬ್ಬಿ ಕಟ್ಟಬ್ಯಾಡ.”

ಅವ್ವ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಆಮೇಲೆ ಎದ್ದು, ಇದ್ದಬದ್ದ ಗೋಧಿಯನ್ನೆಲ್ಲ ಹಾಕಿ ಬೆಲ್ಲದ ಹುಗ್ಗಿ ಮಾಡಿದಳು. ಕೆಲಸ ಹೋದ ದಿನ ಸಿಹಿ ಉಂಡ ಮನೆ ನಿಪ್ಪಾಣಿಯಲ್ಲಿ ನಮ್ಮದೊಂದೇ ಇರಬೇಕು. ಅಪ್ಪನ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ ಆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಹುಗ್ಗಿಯ ನಂತರ ರೊಟ್ಟಿ, ರೊಟ್ಟಿಯ ನಂತರ ನುಚ್ಚು, ನುಚ್ಚಿನ ನಂತರ ಅಂಬಲಿ. ಅಂಬಲಿಯೂ ದಿನೇದಿನೇ ನೀರಾಗುತ್ತ ಬಂತು. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿದ್ದ ನಮ್ಮ ಕಾಕಾ ಸುದ್ದಿ ಕೇಳಿ ನೋಡಲು ಬಂದಾಗ ಅಪ್ಪ ಅವನಿಗೆ, ಏನೂ ಚಿಂತೆಯಿಲ್ಲ, ಎಲ್ಲ ಸರಿಯಾಗಿದೆ ಎಂದುಬಿಟ್ಟ. ಆ ಸುಳ್ಳನ್ನು ಉಳಿಸಲು ಅವ್ವ ಉಳಿದ ಹಿಟ್ಟನ್ನೆಲ್ಲ ರೊಟ್ಟಿ ಬಡಿದು ಕಾಕಾನಿಗೆ ಉಣ್ಣಿಸಿದಳು. ಅವನು ತೃಪ್ತಿಯಿಂದ ತೇಗಿ, ನಮ್ಮ ಮನೆಯ ಆರಾಮ ನೋಡಿ ಸಮಾಧಾನ ಆಯಿತೆಂದು ಬಸ್ಸು ಹತ್ತಿದ. ನಾನೂ ದಾನುವೂ ಅವನ ತೇಗಿನ ಸದ್ದನ್ನು ಎಷ್ಟೋ ದಿನ ಅನುಕರಿಸಿ ಆಡಿದೆವು.

ಇದರ ನಡುವೆ ಹಿಡಿ ಜೋಳ ನಿಲ್ಲಲಿಲ್ಲ. ಅಂಗಡಿಯಿಂದ ಕಡ ತಂದ ಅಷ್ಟಿಷ್ಟು ಜೋಳ ಹಸನು ಮಾಡುವಾಗಲೂ ಅವ್ವ ಐದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದಳು. ಆಯಿ ಪಕ್ಕದಲ್ಲೇ ಕೂತು ಕಣ್ಣಿಟ್ಟಿರುತ್ತಿದ್ದಳು. ಅತ್ತ ಡ್ರಮ್ಮು ಎಂದೂ ಇಲ್ಲದಷ್ಟು ತುಂಬಿತ್ತು. ಗೇಟಿನಲ್ಲಿ ಕೂತವರ ಪಾಡು ನೋಡಿ ಮಾಸ್ತರರು, ನರ್ಸಬಾಯಿ ದೊಡ್ಡ ದೊಡ್ಡ ಚೀಲ ತಂದು ಸುರುವಿದ್ದರು. ಊರ ಹೊರಗೆ ಕಬ್ಬಿನ ಹೊಲವಿದ್ದ ಒಬ್ಬ ಗೌಡರು, ನಮ್ಮ ಸಭೆಗೂ ಅವರಿಗೂ ಏನೂ ಸಂಬಂಧವಿಲ್ಲ, ಒಂದು ಗಾಡಿಯಲ್ಲಿ ಜೋಳದ ಮೂಟೆಗಳನ್ನು ಕಳಿಸಿದ್ದರು. ಅಪ್ಪ ತಿಂಗಳಿಗೊಮ್ಮೆ ಹಂಚುವುದನ್ನು ಬಿಟ್ಟು ಬುಧವಾರ, ಶನಿವಾರ ಹಂಚತೊಡಗಿದ. ಓಣಿಯ ತುದಿಯವರೆಗೆ ಸಾಲು. ಎಲ್ಲ ದೇವರ ಹೆಂಗಸರೂ ಇದ್ದರು. ಕಮಿಟಿಯಲ್ಲಿ ಯಾರೋ, ನಮ್ಮ ಸಭೆಯವರಲ್ಲದವರಿಗೂ ಕೊಡುತ್ತಿದ್ದೀಯಂತೆ ಎಂದು ಕೇಳಿದ್ದಕ್ಕೆ ಅಪ್ಪ, ನಾನು ಮುಖ ನೋಡುವುದಿಲ್ಲ, ನನಗೆ ಹೇಗೆ ಗೊತ್ತಾಗಬೇಕು ಅಂದನಂತೆ. ಅವನ ಬಗ್ಗಿದ ತಲೆ ಅಲ್ಲಿ ಒಳ್ಳೆಯ ಕೆಲಸಕ್ಕೆ ಬಂತು. ಆದರೆ ಹಂಚಿದ ಮೇಲೆ ಅವನು ಸೇರು ಒರೆಸಿಟ್ಟು, ಡ್ರಮ್ಮಿನ ಮುಚ್ಚಳ ಹಾಕಿ, ನಮ್ಮ ಜೊತೆ ನೀರಂಬಲಿ ಕುಡಿಯಲು ಕೂರುತ್ತಿದ್ದ. ಒಂದು ಸಂಜೆ ದಾನು, ಆ ಜೋಳ ಯಾರಿಗೆ ಎಂದು ಕೇಳಿದ. ಬಡವರಿಗೆ ಎಂದ ಅಪ್ಪ. ಹಾಗಾದರೆ ನಾವು ಯಾರು ಎಂಬುದು ದಾನುವಿನ ಮುಂದಿನ ಪ್ರಶ್ನೆ.

“ನಾವು ಕಮಿಟಿಯವರಪಾ,” ಅಂದ ಅಪ್ಪ.

ಅದನ್ನು ಅವನು ತಮಾಷೆಗೆ ಹೇಳಲಿಲ್ಲ. ನಿಜವಾಗಿಯೂ ಅವನ ತಲೆಯಲ್ಲಿ ಜಗತ್ತು ಹಾಗೆಯೇ ಇತ್ತು: ತಗೊಳ್ಳುವವರು ಒಂದು ಕಡೆ, ಹಂಚುವವರು ಇನ್ನೊಂದು ಕಡೆ. ಈ ಕಡೆಯವನು ಆ ಕಡೆ ಹೋಗಿ ನಿಂತರೆ ಏನೋ ಕುಸಿದು ಬೀಳುತ್ತದೆ ಎಂಬ ಭಯ ಅವನಿಗೆ. ಅಷ್ಟರಲ್ಲಿ ಆಯಿಗೆ ಕೂತಲ್ಲಿಂದ ಏಳುವಾಗ ಕಣ್ಣು ಕತ್ತಲೆ ಬರತೊಡಗಿತ್ತು. ದಾನು ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಬಿದ್ದು, ಮಾಸ್ತರರು ಅವನನ್ನು ಸೈಕಲ್ಲಿನ ಮೇಲೆ ಕೂರಿಸಿ ಮನೆಗೆ ತಂದು ಬಿಟ್ಟರು. ಅವ್ವ ದಾನುವಿಗೆ ನೀರು ಕುಡಿಸಿ ಮಲಗಿಸಿದಳು. ಅವರು ಹೋದ ಮೇಲೆ ಡ್ರಮ್ಮಿನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದಳು. ನನಗೆ ಹೆದರಿಕೆಯಾಯಿತು.

ಮುಂದಿನ ಶನಿವಾರ ಅಪ್ಪ ಎಂದಿನಂತೆ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿ ಕೂತ. ನಾನು ಬುಟ್ಟಿ ತುಂಬತೊಡಗಿದೆ. ಅವ್ವ ಒಳಗೆ ಇರಲಿಲ್ಲ, ಮುಂದಿನ ಬಾಗಿಲಿನಿಂದ ಹೊರಗೆ ಹೋಗಿದ್ದಳು. ನೀರಿಗೆ ಹೋಗಿರಬೇಕು ಅಂದುಕೊಂಡೆ. ಸಾಲು ಮುಂದೆ ಸರಿಯಿತು. ಸೇರು, ಚೀಲ, ‘ದೇವರು ಕೊಟ್ಟಾನ, ಹೋಗಿ ಬರ್ರಿ’. ಸೇರು, ಚೀಲ. ಹೀಗೆ ಸಾಗುವಾಗ ಒಬ್ಬಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಾಗಿಲಿಗೆ ಬಂದು ನಿಂತಳು. ಅವ್ವ. ಮುಂದಿನ ಬಾಗಿಲಿನಿಂದ ಹೋಗಿ, ಓಣಿ ಸುತ್ತಿಕೊಂಡು ಬಂದು, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಬಂದಿದ್ದಳು. ಮುಖ ನೋಡದ ಅಪ್ಪನಿಗೆ ಅವಳು ಕಾಣಲಿಲ್ಲ. ಆದರೆ ಅವಳು ಚಾಚಿದ ಚೀಲ ಕಂಡಿತು. ಅದು ಅವನದೇ ಹಳೆಯ ಪಟ್ಟೆ ಅಂಗಿಯಿಂದ ಹೊಲಿದದ್ದು. ಜೇಬು ಕೂಡ ಹಾಗೇ ಉಳಿದಿತ್ತು. ಸೇರು ಗಾಳಿಯಲ್ಲೇ ನಿಂತಿತು. ಅಪ್ಪನ ಕಿವಿ ಕೆಂಪಗಾದದ್ದನ್ನು ನಾನು ಪಕ್ಕದಿಂದ ನೋಡಿದೆ. ತಲೆ ಎತ್ತಿದರೆ ಹಿಂದಿನವರಿಗೆಲ್ಲ ಗೊತ್ತಾಗುತ್ತದೆ, ಕೊಡದಿದ್ದರೂ ಗೊತ್ತಾಗುತ್ತದೆ. ಅವನು ಕೊನೆಗೆ ಜೋಳವನ್ನು ತನ್ನ ಅಂಗಿಯೊಳಕ್ಕೇ ಸುರುವಿದ. ಎಂದಿನ ಮಾತು ಅವನ ಬಾಯಿಂದ ಬರಲಿಲ್ಲ. ಅವ್ವನ ಹಿಂದೆಯೇ ಇದ್ದ ಸಾರವ್ವ ಎಲ್ಲವನ್ನೂ ನೋಡಿದಳು, ತನ್ನ ಪಾಲು ತಗೊಂಡು ಒಂದೂ ಮಾತಾಡದೆ ಹೋದಳು. ಸಾರವ್ವ ಮಾತಾಡದ್ದು ನನಗೆ ಉಳಿದೆಲ್ಲಕ್ಕಿಂತ ವಿಚಿತ್ರ ಅನಿಸಿತು.

ಅವ್ವ ಗಿರಣಿಗೆ ಹೋಗಿ ಹಿಟ್ಟು ಮಾಡಿಸಿಕೊಂಡು, ಮುಂದಿನ ಬಾಗಿಲಿನಿಂದಲೇ ಒಳಗೆ ಬಂದು ರೊಟ್ಟಿ ಬಡಿದಳು. ರೊಟ್ಟಿ ಉಬ್ಬುವ ವಾಸನೆಗೆ ದಾನು ಒಲೆಯ ಬುಡ ಬಿಟ್ಟು ಕದಲಲಿಲ್ಲ. ತಟ್ಟೆ ಹಾಕಿದಳು. ರೊಟ್ಟಿ, ಮೆಣಸಿನಕಾಯಿ ಚಟ್ನಿ. ಅಪ್ಪ ತನ್ನ ತಟ್ಟೆಯನ್ನು ದೂರ ಸರಿಸಿದ. ಇಷ್ಟು ವರ್ಷ ಇಲ್ಲದವರಿಗೆಂದು ಕಾಯ್ದ ಕಾಳಿಗೆ ಕಾಯುವವನೇ ಕೈ ಹಾಕಿದ ಅಂತ ಜನ ಅಂದರೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ಗೊಣಗಿದ. ನಾವು ಎತ್ತಿದ ತುತ್ತು ಕೈಯಲ್ಲೇ ಇತ್ತು. ಅವ್ವ ಹಂಚನ್ನು ಇಳಿಸಿ ಅವನ ಎದುರು ಬಂದು ಕೂತಳು. ಅವಳು ಕೂಗಾಡುವವಳಲ್ಲ, ಅವತ್ತೂ ಕೂಗಲಿಲ್ಲ.

“ನಾನು ಕದ್ದಿಲ್ರೀ. ಸಾಲಿನ್ಯಾಗ ನಿಂತು ತಗೊಂಡೀನಿ. ನಾಳಿ ಚರ್ಚಿನ್ಯಾಗ ಪಾಳಕರು ರೊಟ್ಟಿ ಕೊಟ್ಟರ ಎರಡೂ ಕೈ ಒಡ್ಡತೀರಿಲ್ಲ? ಅಲ್ಲಿ ತಗೊಳಾಕ ಬರತೈತಿ, ಇಲ್ಲಿ ಯಾಕ ಬರಂಗಿಲ್ಲ?”

ಅಪ್ಪ ಎದ್ದು ಹೋಗಿ ಚರ್ಚಿನ ಮೆಟ್ಟಿಲ ಮೇಲೆ ಕೂತ. ಆಯಿ ಮಾತ್ರ, ಹಲ್ಲಿಲ್ಲದ ಬಾಯಲ್ಲಿ ರೊಟ್ಟಿ ನೆನೆಸಿಕೊಂಡು, ತನಗಂತೂ ಬಡವಿ ಅನ್ನಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಮಕ್ಕಳೇ ಉಣ್ಣಿ ಅಂದಳು. ನಾವು ಉಂಡೆವು. ಎಷ್ಟು ರುಚಿಯಾಗಿತ್ತು ಎಂಬುದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಮನೆಯಲ್ಲಿ ಜಗಳ ಇಟ್ಟುಕೊಂಡು ಕರ್ತನ ಭೋಜನ ತಗೊಳ್ಳಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಮೊದಲು ಸಮಾಧಾನ ಮಾಡಿಕೊ, ಆಮೇಲೆ ತಟ್ಟೆ ಮುಟ್ಟು. ನಾನೂ ದಾನುವೂ ಪೆನ್ಸಿಲ್ಲಿಗೆ ಜಗಳವಾಡಿದರೂ ಶನಿವಾರ ಸಂಜೆ ಅಪ್ಪ ಇಬ್ಬರ ಕೈ ಹಿಡಿಸಿ ರಾಜಿ ಮಾಡಿಸುತ್ತಿದ್ದ. ಈಗ ಅವನ ಜಗಳಕ್ಕೆ ರಾಜಿ ಮಾಡಿಸುವವರು ಯಾರು? ಭಾನುವಾರ ಅಪ್ಪ ತಟ್ಟೆ ಹಿಡಿಯಲು ಮುಂದೆ ಹೋಗಲಿಲ್ಲ. ಮಾಸ್ತರರೊಬ್ಬರು ಗಡಿಬಿಡಿಯಿಂದ ಎದ್ದು ತಟ್ಟೆ ಹಿಡಿದರು. ರೊಟ್ಟಿ ಬಂದಾಗ ಗಂಡಸರ ಕಡೆ ಅಪ್ಪ ಕೈ ಕಟ್ಟಿ ಕೂತಿದ್ದ, ಹೆಂಗಸರ ಕಡೆ ಅವ್ವ ಕೈ ಕಟ್ಟಿ ಕೂತಿದ್ದಳು. ಇಡೀ ಸಭೆ ಹಾಡುವುದನ್ನು ಬಿಟ್ಟು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿತು. ನನಗೆ ಹಸಿವಿಗಿಂತ ಅದು ಕೆಟ್ಟದ್ದಾಗಿತ್ತು. ಅಪ್ಪ ಅವ್ವ ಇನ್ನು ಸರಿಹೋಗುವುದೇ ಇಲ್ಲ, ಈ ಮನೆ ಹೀಗೇ ಎರಡು ಬಾಗಿಲಾಗಿ ಉಳಿಯುತ್ತದೆ ಎಂದುಕೊಂಡೆ. ಮಧ್ಯಾಹ್ನ ಪಾಳಕರು ಮನೆಗೆ ಬಂದರು. ವಯಸ್ಸಾದವರು, ಮೆದು ಮಾತಿನವರು. ಯಾಕೆ ಏನು ಎಂದು ಕೇಳಲಿಲ್ಲ, ಸಕ್ಕರೆಯಿಲ್ಲದ ಕಪ್ಪು ಚಹಾ ಕುಡಿದು, ಮಳೆ ಬೆಳೆಯ ಮಾತಾಡಿದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ತಾವು ಪಾಳಕರಾದ ದಿನದಿಂದ ತಮ್ಮ ಒಲೆ ಉರಿದದ್ದು ಬೇರೆಯವರ ಕಾಣಿಕೆಯಿಂದಲೇ, ಮೊದಲ ವರ್ಷ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆಮೇಲೆ ಇಳಿಯಿತು ಎಂದು ಯಾರಿಗೋ ಹೇಳುವಂತೆ ಹೇಳಿ ಹೋದರು. ಅಪ್ಪ ಅವರನ್ನು ಓಣಿಯ ತುದಿಯವರೆಗೆ ಬಿಟ್ಟು ಬಂದ. ಸೋಮವಾರ, ಮಂಗಳವಾರ ಅವನು ಎಲ್ಲೋ ಹೊರಗೆ ಚುರುಮುರಿ ತಿಂದು ಬಂದೆ, ಹಸಿವಿಲ್ಲ ಅಂದ. ಅವ್ವ ಒತ್ತಾಯ ಮಾಡಲಿಲ್ಲ, ಆದರೆ ಅವನ ತಟ್ಟೆಯನ್ನು ಹಾಕುವುದನ್ನು ಮಾತ್ರ ಬಿಡಲಿಲ್ಲ.

ಬುಧವಾರ ಬಂತು. ಹಿತ್ತಲ ಬಾಗಿಲು ತೆರೆದ ಅಪ್ಪ ಮಣೆಯ ಮೇಲೆ ಕೂರಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಸಾರವ್ವನನ್ನು ಒಳಗೆ ಕರೆದು, ಸೇರನ್ನು ಅವಳ ಕೈಗೆ ಕೊಟ್ಟು ಮಣೆ ತೋರಿಸಿದ. ಆಮೇಲೆ ಗೂಟಕ್ಕೆ ನೇತು ಹಾಕಿದ್ದ ಪಟ್ಟೆ ಅಂಗಿಯ ಚೀಲ ತೆಗೆದುಕೊಂಡು, ಎಲ್ಲ ಹೆಂಗಸರ ಪಕ್ಕದಿಂದ ನಡೆದು ಹೋಗಿ ಸಾಲಿನ ಕಟ್ಟಕಡೆಗೆ ನಿಂತ. ಓಣಿಯಲ್ಲಿ ಗುಸುಗುಸು ಎದ್ದು, ಸತ್ತುಹೋಯಿತು. ವಖಾರಿಯಲ್ಲಿ ಇವನ ಗದರಿಕೆಗೆ ಸಾಲು ಸರಿಮಾಡಿಕೊಳ್ಳುತ್ತಿದ್ದ ಹೆಂಗಸರೇ ಅವರು. ಕೆಲವರು ಅವನಿಗೆ ಮುಂದೆ ಜಾಗ ಬಿಟ್ಟರು, ಅವನು ತಲೆಯಾಡಿಸಿ ಅಲ್ಲೇ ನಿಂತ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಹೆಗಲು ಹಿಡಿದುಕೊಂಡಳು; ಅವಳ ಬೆರಳು ಒತ್ತಿ ನನಗೆ ನೋವಾಗುತ್ತಿತ್ತು. ಸಾರವ್ವ ಅವಸರ ಮಾಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ, ಕೂಸಿನ ಕೆಮ್ಮು ಹೇಗಿದೆ, ಅತ್ತೆಯ ಕಾಲು ಹೇಗಿದೆ ಎಂದು ಕೇಳಿ ಕೇಳಿ ಅಳೆದಳು. ಅಪ್ಪ ಇಷ್ಟು ವರ್ಷ ಅಳೆದ ಆ ಬಾಗಿಲಲ್ಲಿ ಅಷ್ಟು ಮಾತು, ನಡುನಡುವೆ ನಗು ಕೇಳಿಬಂದದ್ದು ಅವತ್ತೇ. ಕೊನೆಗೆ ಅಪ್ಪನ ಸರದಿ ಬಂತು. ಸಾರವ್ವ ಅವನ ಮುಖವನ್ನು ನೆಟ್ಟಗೆ ನೋಡಿದಳು. ಅಪ್ಪನೂ ತಲೆ ಎತ್ತಿದ್ದ.

“ತಡಾ ಮಾಡಿ ಬಂದೀನವಾ,” ಅಂದ ಅಪ್ಪ.

“ಕಡೀಕ ಬಂದವರಿಗೂ ಅಷ್ಟ ಐತಿ, ಯೋಸೇಫಣ್ಣಾ. ಚೀಲ ಅಗಲ ಹಿಡಿ.”

ಅಲ್ಲಿಯವರೆಗೆ ಅವಳು ಅವನನ್ನು ‘ಮುಕಾದಮರೇ’ ಅಂತಲೇ ಕರೆದವಳು. ಅಪ್ಪ ಚೀಲದ ಬಾಯಿ ಅಗಲ ಮಾಡಿ ಹಿಡಿದ, ಜೋಳ ಬಿತ್ತು. ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದು ಅವ್ವನ ಮುಂದಿಟ್ಟ. ಅವಳ ಮುಖ ನೋಡಲು ಆಗದೆ ನಾನು ಡ್ರಮ್ಮಿಗೆ ಆತು ನಿಂತು ಅತ್ತುಬಿಟ್ಟೆ. ದುಃಖಕ್ಕಲ್ಲ. ಎದೆಯ ಮೇಲಿಂದ ಯಾರೋ ಎದ್ದು ಹೋದಷ್ಟು ಹಗುರವಾಗಿತ್ತು.

ಮುಂದೆ ಮುಷ್ಕರ ಮುಗಿಯಿತು. ಕೇಳಿದಷ್ಟಲ್ಲದಿದ್ದರೂ ಹೆಂಗಸರ ಪಗಾರ ಹೆಚ್ಚಾಯಿತು. ಅಪ್ಪನನ್ನು ಮಾತ್ರ ಮರಳಿ ಕರೆಯಲಿಲ್ಲ. ಅವನು ಚಿಕ್ಕೋಡಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕೆಲಸ ಹಿಡಿದ, ಗದರುವ ದನಿ ಮೆಲ್ಲಮೆಲ್ಲಗೆ ಮರೆತ. ಹಿತ್ತಲ ಬಾಗಿಲಲ್ಲಿ ಆಮೇಲೆ ಅಳೆಯುವವರೂ ತಗೊಳ್ಳುವವರೂ ಸರದಿಯ ಮೇಲೆ ಬದಲಾಗುತ್ತಿದ್ದರು. ನಾನು ನರ್ಸಾಗಿ ಅಥಣಿ, ರಾಯಬಾಗದ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ಪುಕ್ಕಟೆ ಔಷಧಿಗೆ ಕೈ ಚಾಚಲು ಹಿಂಜರಿಯುವ ಎಷ್ಟೋ ಜನರನ್ನು ಕಂಡೆ. ಅವರಿಂದ ಕಣ್ಣು ತಪ್ಪಿಸುವುದು ಮರ್ಯಾದೆ ಎಂದು ನನಗೆ ಎಂದೂ ಅನಿಸಲಿಲ್ಲ. ಮುಖ ನೋಡಿ ಊರು ಕೇಳಿ, ಮಕ್ಕಳನ್ನು ಕೇಳಿ ಕೊಡುತ್ತಿದ್ದೆ. ಇದನ್ನು ನನಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ.

ಆ ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಐವರೂ ಊಟಕ್ಕೆ ಕೂತೆವು. ಅಪ್ಪನ ಪ್ರಾರ್ಥನೆ ಸಾಮಾನ್ಯವಾಗಿ ಉದ್ದ, ಚಟ್ನಿ ಒಣಗುವಷ್ಟು ಉದ್ದ. ಅವತ್ತು ಅವನು, ಅಪ್ಪಾ ತಂದೆಯೇ, ಕೊಟ್ಟಿ, ತಗೊಂಡೆವು, ಆಮೆನ್ ಅಂದ, ಅಷ್ಟೇ. ಆಯಿ ಒಂದು ಕಣ್ಣು ತೆರೆದು, ಮುಗಿಯಿತೇ ಎಂದು ನೋಡಿದಳು. ಅವ್ವ ಒಂದೊಂದೇ ರೊಟ್ಟಿ ಹಾಕಿದಳು. ಅಪ್ಪ ತನ್ನ ರೊಟ್ಟಿಯನ್ನು ಮುರಿದು, ನಿಧಾನವಾಗಿ, ಯಾರ ಕಡೆಯೂ ನೋಡದೆ ಉಂಡ. ನಾವೆಲ್ಲ ಉಣ್ಣುವ ನೆಪದಲ್ಲಿ ಅವನನ್ನೇ ನೋಡುತ್ತಿದ್ದೆವು. ಕೊನೆಯ ತುತ್ತು ಮುಗಿದ ಮೇಲೂ ಅವನು ಕೈ ತೊಳೆಯಲು ಏಳಲಿಲ್ಲ. ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ.

“ಇನ್ನರ್ಧ ಹಾಕು,” ಅಂದ.

ಅವ್ವ ಅರ್ಧ ಹಾಕಲಿಲ್ಲ. ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಇಡಿಯಾಗಿ ಎತ್ತಿ ಹಾಕಿದಳು.